ಕಚ್ಚಿ ತೋರಿಸಿದ ರೊಟ್ಟಿ

ರಾಜ್ಯದ ಹೆಸರು ಮೈಸೂರು ಹೋಗಿ ಕರ್ನಾಟಕ ಎಂದಾದ ತಿಂಗಳಲ್ಲೇ ನಮ್ಮ ಊರಿನ ನಾಯಿಗಳಿಗೂ ಒಂದು ಕಾಯ್ದೆ ಬಂತು. ಬಂತು ಎನ್ನುವುದು ತಪ್ಪು. ಅದು ಮೊದಲಿನಿಂದಲೂ ಪುರಸಭೆಯ ಕಪಾಟಿನಲ್ಲಿತ್ತು, ಯಾರೂ ಎಬ್ಬಿಸಿರಲಿಲ್ಲ ಅಷ್ಟೇ. ಊರಿನ ಹೆಸರು ಹೇಳುವುದಿಲ್ಲ. ವಾಡಿಯಿಂದ ಸೇಡಂ ಕಡೆಗೆ ಹೋಗುವ ಪ್ಯಾಸೆಂಜರ್ ಗಾಡಿ ನಿಲ್ಲುವ ಊರುಗಳಲ್ಲಿ ಅದೂ ಒಂದು ಎಂದರೆ ಸಾಕು. ಅಲ್ಲಿ ಗೋಡೆ ಕಲ್ಲಿನದು, ಮಾಳಿಗೆ ಕಲ್ಲಿನದು, ಓಣಿಯ ನೆಲಕ್ಕೂ ಬೂದು ಬಣ್ಣದ ಫರ್ಸಿ ಹಾಸುಗಲ್ಲೇ. ನಾನು ಹೈಸ್ಕೂಲಿನಲ್ಲಿ ಮಾಸ್ತರನಾಗಿದ್ದೆ. ಕಂಡವರ ತಪ್ಪು ಹುಡುಕುವುದು ನನ್ನ ಸಂಬಳದ ಕೆಲಸ, ಮನೆಗೆ ಬಂದ ಮೇಲೂ ಆ ಚಟ ಬಿಡುತ್ತಿರಲಿಲ್ಲ.

ಕಾಯ್ದೆಗೆ ಎಚ್ಚರವಾಗಲು ಕಾರಣವಿತ್ತು. ಶ್ರಾವಣದಲ್ಲಿ ಗಣಿ ಕೆಲಸದ ರಾಮಲಿಂಗನಿಗೆ ಹುಚ್ಚುನಾಯಿ ಕಚ್ಚಿತ್ತು. ಅವನು ಗಾಯಕ್ಕೆ ಸುಣ್ಣ, ಅರಿಷಿಣ ಮೆತ್ತಿಕೊಂಡು ಮರುದಿನವೇ ಕಲ್ಲು ಎತ್ತಲು ಹೋದ. ದೀಪಾವಳಿಯ ಹೊತ್ತಿಗೆ ನೀರಿನ ಚರಿಗೆ ಕಂಡರೆ ಕಿರುಚತೊಡಗಿದ. ಗುಲ್ಬರ್ಗಾದ ದವಾಖಾನೆಗೆ ಒಯ್ದರೂ ಉಳಿಯಲಿಲ್ಲ. ಅವನ ಹೆಂಡತಿ ಲಾಲಮ್ಮ ಪುರಸಭೆಯ ಮೆಟ್ಟಿಲ ಮೇಲೆ ಕುಳಿತು ಅತ್ತದ್ದನ್ನು ಊರೆಲ್ಲ ನೋಡಿತು. ನಾಯಿಗಳ ಪರವಾಗಿ ಮಾತಾಡುವವರು ಅದನ್ನು ಮರೆಯಬಾರದು. ನಾನೂ ಮರೆತಿಲ್ಲ.

ಪುರಸಭೆಯ ಸ್ಯಾನಿಟರಿ ಇನ್ಸ್‌ಪೆಕ್ಟರ್ ದಶರಥ ನಮ್ಮ ನೆರೆಯವನು. ಇಬ್ಬರದೂ ಒಂದೇ ಅಂಗಳ, ನಡುವೆ ಮೊಣಕಾಲೆತ್ತರದ ಗೋಡೆ. ಕೆಟ್ಟವನಲ್ಲ. ಗಟಾರು ಬಳಿಸುತ್ತಿದ್ದ, ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿಸುತ್ತಿದ್ದ, ಸಂತೆಯಲ್ಲಿ ಕೊಳೆತ ಮೀನು ಮಾರಿದವರ ಬುಟ್ಟಿ ಮಗುಚುತ್ತಿದ್ದ. ನಿಯಮದಲ್ಲಿ ಇದ್ದದ್ದನ್ನು ಮಾಡಿಯೇ ತೀರಬೇಕು ಎನ್ನುವ ಜಾತಿ. ಹೆಂಡತಿ ಬಾಣಂತನಕ್ಕೆ ಸೇಡಂನ ತವರಿಗೆ ಹೋಗಿದ್ದಳು. ಮಗ ಹೋಟೆಲಿನಲ್ಲಿ ಉಂಡು ಹೊಟ್ಟೆ ಕೆಡಿಸಿಕೊಂಡಾನೆಂದು ತಾಯಿ ಅನಸುಬಾಯಿ ಭಾಲ್ಕಿ ಕಡೆಯ ಹಳ್ಳಿಯಿಂದ ಬಂದು ಅಡುಗೆಮನೆ ಹಿಡಿದಿದ್ದಳು.

ಸಂಜೆ ಆಫೀಸಿನಿಂದ ಬರುವಾಗ ದಶರಥ ಸ್ಟೇಷನ್ ಹತ್ತಿರದ ಅಂಗಡಿಯಿಂದ ತಾಯಿಗೆ ಬೂಂದಿ ಕಟ್ಟಿಸಿಕೊಂಡು ಬರುತ್ತಿದ್ದ. ಅವಳಿಗೆ ಹಲ್ಲು ಕಡಿಮೆ, ಸಿಹಿಯ ಆಸೆ ಭಾಳ. ಪೊಟ್ಟಣ ಬಿಚ್ಚುವ ಮೊದಲೇ ಅಂಗೈ ಚಾಚುವಳು. ಮಗನ ಕೈಯಿಂದ ಬಿದ್ದದ್ದನ್ನು ಏನೆಂದೂ ನೋಡದೆ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಬಹಳ ಹೊತ್ತು ಒಸಡಿನಲ್ಲೇ ಅರೆಯುವಳು. ಗೋಡೆಯಾಚೆ ಉತ್ತರಪತ್ರಿಕೆ ತಿದ್ದುತ್ತ ಕುಳಿತ ನನಗೆ ಅದನ್ನು ನೋಡುವುದೆಂದರೆ ಒಂದು ಸುಖವಾಗಿತ್ತು.

ರಾಮಲಿಂಗ ಸತ್ತ ವಾರದಲ್ಲೇ ಡಂಗುರ ಸಾರಿದರು. ಡಂಗುರದವನ ದನಿ ಓಣಿ ಓಣಿಗೆ ತಿರುಗಿತು. "ಕೇಳ್ರಪ್ಪೋ ಕೇಳ್ರಿ! ನಾಯಿ ಸಾಕಿದವ್ರು ಪುರಸಭಾಕ್ಕ ಬಂದು ಹೆಸರು ಬರಸ್ರಿ. ಹಿತ್ತಾಳಿ ಬಿಲ್ಲಿ ತಗೊಂಡು ಅದರ ಕೊರಳಿಗಿ ಕಟ್ರಿ. ನಾಯಿ ಮನ್ಯಾಗ ಕಟ್ಟಿ ಹಾಕ್ರಿ, ಹೊರಗಿಂದು ತಿನ್ನಾಕ ಬಿಡಬ್ಯಾಡ್ರಿ. ಬಿಲ್ಲಿ ಇಲ್ಲದ ನಾಯಿ ಸತ್ರ ಪುರಸಭಾ ಜವಾಬ್ದಾರ ಅಲ್ಲಪ್ಪೋ!" ವಿಷ ಇಡುತ್ತೇವೆ ಎಂಬುದನ್ನು ಇಷ್ಟು ಮರ್ಯಾದೆಯಿಂದ ಹೇಳಿದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ. ಇದೇ ಮಾತು ಅಚ್ಚಾಗಿ, ಕೆಳಗೆ ದಶರಥನ ಸಹಿಯಾಗಿ, ಊರಿನ ಗೋಡೆಗಳ ಮೇಲೂ ಅಂಟಿತು.

ನಮ್ಮ ಮನೆಯ ಹಿಂದೆ ಕಲ್ಲು ಕೆಲಸದವರ ಓಣಿ. ಅಲ್ಲಿ ಒಂದು ನಾಯಿ ಇತ್ತು. ಬಣ್ಣ ಫರ್ಸಿ ಕಲ್ಲಿನದೇ, ಕಲ್ಲಿನ ಮೇಲೆ ಮಲಗಿದರೆ ತುಳಿದ ಮೇಲಷ್ಟೇ ನಾಯಿಯೆಂದು ತಿಳಿಯಬೇಕು. ಅದಕ್ಕೇ ಫರ್ಸ್ಯಾ ಎಂದು ಹೆಸರು. ಕಲ್ಲು ಕಡಿಯುವ ಹಾಜಿಸಾಬನ ಹೆಂಡತಿ ಜೈತುನ್ಬೀ ಅದಕ್ಕೆ ಬೆಳಿಗ್ಗೆ ರೊಟ್ಟಿ ಹಾಕುವಳು, ಎದುರು ಮನೆಯ ಸೂಗಮ್ಮ ಮಧ್ಯಾಹ್ನ ಹಾಕುವಳು. ಡಂಗುರ ಕೇಳಿದ್ದೇ ಜೈತುನ್ಬೀ ತಲೆ ಮೇಲೆ ಸೆರಗು ಎಳೆದುಕೊಂಡು ಪುರಸಭೆಗೆ ಹೋದಳು. ಅಲ್ಲಿ ನಡೆದದ್ದನ್ನು ನಾನು ಅವಳ ಬಾಯಿಂದಲೂ ದಶರಥನ ಬಾಯಿಂದಲೂ ಕೇಳಿದ್ದೇನೆ. ಎರಡೂ ಒಂದೇ ಥರ ಇದ್ದವು, ನಂಬಬಹುದು.

"ಮಾಲಕರ ಹೆಸರು ಹೇಳ್ರಿ" ಎಂದ ದಶರಥ.

"ಮಾಲಕ ಯಾರೂ ಇಲ್ರಿ ಸಾಬ್ರ. ಓಣಿ ನಾಯಿ ಅದ."

"ಓಣಿ ಹೆಸರಲೆ ಬಿಲ್ಲಿ ಕೊಡಾಕ ಬರಂಗಿಲ್ರಿ. ಒಬ್ಬರು ಮಾಲಕ ಬೇಕು. ಅವರು ಅದನ್ನ ತಮ್ಮ ಮನ್ಯಾಗ ಕಟ್ಕೋಬೇಕು."

"ರೊಟ್ಟಿ ನಾವೇ ಹಾಕ್ತೀವಲ್ರಿ."

"ರೊಟ್ಟಿ ಹಾಕಿದವ್ರೆಲ್ಲಾ ಮಾಲಕ ಆಗಂಗಿಲ್ರಿ. ಮಾಲಕ ಇಲ್ಲದ ನಾಯಿ ಕಾಯ್ದಾ ಪ್ರಕಾರ ಬಿಡಾಡಿ. ನಿಮ್ಮ ಯಜಮಾನರಿಗಿ ಬಂದು ಹೆಸರು ಬರಸಂತ ಹೇಳ್ರಿ, ನಾ ಈಗೇ ಕೊಡ್ತೀನಿ."

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ಹಾಜಿಸಾಬ ಒಪ್ಪಲಿಲ್ಲ. ಹಜ್‌ಗೆ ಹೋಗದಿದ್ದರೂ ಹೆಸರಿನಲ್ಲಿ ಹಾಜಿ ಇದ್ದವನು, ಹೆಸರಿಗೆ ತಕ್ಕಂತೆ ನಡೆಯಬೇಕೆಂಬ ಹಟದವನು. "ನಾಯಿ ಇದ್ದ ಮನ್ಯಾಗ ಅಲ್ಲಾನ ದೂತ ಫರಿಷ್ತೆ ಕಾಲಿಡಂಗಿಲ್ಲ ಅಂತಾರ. ಹಸಿದಿದ್ದಕ್ಕ ಬಾಗಿಲ ಹೊರಗ ರೊಟ್ಟಿ ಹಾಕಾದು ಸವಾಬ್, ಪುಣ್ಯ. ಮನ್ಯಾಗ ಕಟ್ಟಾದು ಬ್ಯಾರೆ ಮಾತು" ಎಂದ. ಸೂಗಮ್ಮನದು ಬಾಡಿಗೆ ಮನೆ, ಮನೆ ಮಾಲೀಕನಿಗೆ ನಾಯಿ ಕಂಡರಾಗದು. ಹೀಗೆ ಪ್ರತಿ ಮನೆಗೂ ಒಂದು ಕಾರಣವಿತ್ತು. ಸಾಕಿದವರು ಓಣಿ ತುಂಬ ಇದ್ದರು, ಮಾಲೀಕ ಮಾತ್ರ ಒಬ್ಬನೂ ಸಿಗಲಿಲ್ಲ.

ಜೈತುನ್ಬೀ ಅತ್ತು ಕರೆದು ಮಾಡಲಿಲ್ಲ. ನಾಯಿಗೆ ಪಾಠ ಹೇಳಲು ಕುಳಿತಳು. ಅದು ತಿನ್ನುವ ರೊಟ್ಟಿಯ ಅಂಚನ್ನು ಮೊದಲು ತಾನು ಕಚ್ಚಿ, ಅದರ ಕಣ್ಣೆದುರೇ ಅಗಿದು, ನುಂಗಿ, ಆಮೇಲೆ ಉಳಿದದ್ದನ್ನು ಕಲ್ಲಿನ ಮೇಲೆ ಇಡುವಳು. ಓಣಿಯ ಉಳಿದ ಹೆಂಗಸರಿಗೆ ಬೇರೆ ಕೆಲಸ ಕೊಟ್ಟಳು. ಅವರು ಕಚ್ಚದೆಯೇ ರೊಟ್ಟಿ ಎಸೆಯಬೇಕು, ಆದರೆ ರೊಟ್ಟಿಯ ಮಡಿಕೆಯೊಳಗೆ ಒಂದು ಚಿಟಿಕೆ ಕಡು ಖಾರದ ಪುಡಿ ಇರಬೇಕು. ಫರ್ಸ್ಯಾ ಮೊದಲೆರಡು ಸಲ ಬಾಯಿ ಹಾಕಿ ಕಲ್ಲಿಗೆ ಮೂತಿ ತಿಕ್ಕಿಕೊಂಡು ಕುಂಯ್‌ಗುಟ್ಟಿತು. ಹಾಜಿಸಾಬ "ಪಾಪ ಬಡೀತದ ಬಿಡೇ" ಎಂದು ಗೊಣಗಿದ. ಅವಳು ಬಿಡಲಿಲ್ಲ. ಮನುಷ್ಯ ಮೊದಲು ತಿಂದು ತೋರಿಸದ ಅನ್ನ ಸುಡುತ್ತದೆ ಎಂಬುದು ನಾಯಿಗೆ ಗಟ್ಟಿಯಾಗುವವರೆಗೂ ಹೀಗೇ ನಡೆಸಿದಳು. ನನ್ನ ಶಾಲೆಯಲ್ಲಿ ಇಷ್ಟು ಬೇಗ ಕಲಿತ ಹುಡುಗನನ್ನು ನಾನು ಕಂಡಿಲ್ಲ.

ಅತ್ತ ಪುರಸಭೆಯಲ್ಲಿ ಬೇರೆ ತೊಡಕು. ಬೆಳಗಿನ ಕಸ ಹೊಡೆಯುವವರು ವಿಷ ಕಲಸಲು ಒಲ್ಲೆ ಎಂದರು. ದಿನಾ ನಸುಕಿನಲ್ಲಿ ಪೊರಕೆ ಹಿಡಿದು ಹೊರಟರೆ ಜೊತೆಗೆ ಬರುತ್ತಿದ್ದವು ಅದೇ ನಾಯಿಗಳೇ. ನೌಕರಿ ಹೋದರೆ ಹೋಗಲಿ, ಅವಕ್ಕೆ ನಮ್ಮ ಕೈಯಿಂದ ಹಾಕುವುದಿಲ್ಲ ಎಂದರು. ದಶರಥ ಯಾರ ನೌಕರಿಯನ್ನೂ ಕಳೆಯಲಿಲ್ಲ. ತಾನೇ ಶೆಡ್ಡಿನ ಬಾಗಿಲು ಹಾಕಿಕೊಂಡು ಕೊಚ್ಚಿದ ಮಾಂಸದಲ್ಲಿ ವಿಷದ ಪುಡಿ ಕಲಸಿ ಉಂಡೆ ಮಾಡಿದ. ತಾನೇ ಇಟ್ಟು ಬಂದ. ಬಿಸಿಲೇರುವ ಮೊದಲು, ಕೋಳಿಗೋ ಮಕ್ಕಳಿಗೋ ಸಿಕ್ಕೀತೆಂದು, ತಿನ್ನದೆ ಉಳಿದದ್ದನ್ನು ತಾನೇ ಆರಿಸಿ ಹುಗಿದ. ಅಂಗಳದ ಬಚ್ಚಲಿನಲ್ಲಿ ಅವನು ಸಾಬೂನು ಹಚ್ಚಿ ಹಚ್ಚಿ ಕೈ ತೊಳೆಯುವುದನ್ನು ನಾನು ನೋಡಿದ್ದೇನೆ. ಕೆಲಸ ಅಚ್ಚುಕಟ್ಟಾಗಿತ್ತು.

ಕೆಲವು ದಿನ ಕಸದ ಗಾಡಿ ಕಸದ ಬದಲು ನಾಯಿಗಳನ್ನು ಹೊತ್ತು ಊರ ಹೊರಗಿನ ಹಾಳು ಗಣಿಗೆ ಹೋಯಿತು. ಆಮೇಲೆ ಊರು ಸುಮ್ಮನಾಯಿತು. ರೈಲು ಬಂದರೆ ಬೊಗಳುವವರಿಲ್ಲ, ಹೊಸಬ ಬಂದರೆ ಬೊಗಳುವವರಿಲ್ಲ. ಲಾಲಮ್ಮನಿಗೆ ಸಮಾಧಾನವಾಯಿತೋ ಇಲ್ಲವೋ ಯಾರೂ ಕೇಳಲಿಲ್ಲ. ನನಗಂತೂ ಆ ಮೌನ ಸಹಿಸಲಾಗಲಿಲ್ಲ, ಎರಡು ದಿನ ವರ್ಗದಲ್ಲಿ ಮಕ್ಕಳ ಮೇಲೆ ಸುಮ್ಮಸುಮ್ಮನೆ ರೇಗಿದೆ.

ಫರ್ಸ್ಯಾ ಉಳಿಯಿತು. ಹಾಜಿಸಾಬನ ಕಲ್ಲುಗಳ ನಡುವೆ ದಶರಥ ಇಟ್ಟ ಉಂಡೆಯನ್ನು ಅದು ಮೂಸಿ, ಅದಕ್ಕೆ ಬೆನ್ನು ತಿರುಗಿಸಿ ಕುಳಿತುಕೊಳ್ಳುತ್ತಿತ್ತು. ಮತ್ತೆ ಇಟ್ಟರೂ ಅದೇ. ದಶರಥ ಒಮ್ಮೆ ನನ್ನೊಂದಿಗೆ, "ಭಾಳ ಶಾಣ್ಯಾ ಅದರಿ ಮಾಸ್ತರ್ ಅದು" ಎಂದ. ಮೆಚ್ಚಿ ಅಂದದ್ದೋ ಬೇಸರದಿಂದಲೋ ತಿಳಿಯಲಿಲ್ಲ.

ಊರಿನಲ್ಲಿ ನಾಯಿಗಳೇಕೆ ಕಾಣುತ್ತಿಲ್ಲವೆಂದು ಅನಸುಬಾಯಿ ಒಂದು ಸಂಜೆ ಮಗನನ್ನು ಕೇಳಿದಳು. ಹಿಡಿದು, ಗಾಡಿಯಲ್ಲಿ ಹಾಕಿ, ಚಿಂಚೋಳಿ ಅಡವಿಗೆ ಬಿಟ್ಟು ಬಂದರು ಎಂದ. "ಛಲೋ ಆತು ಬಿಡು, ಅಲ್ಲಿ ನೀರು ನೆಳ್ಳು ಭಾಳ ಅದಂತ" ಎಂದು ಅವಳು ಅಂಗೈ ಚಾಚಿದಳು. ಅವನು ಬೂಂದಿ ಹಾಕಿದ.

ಮಾರ್ಗಶಿರದಲ್ಲಿ ಚಂಪಾಷಷ್ಠಿ ಬಂತು. ಅದು ಮೈಲಾರ ಮಲ್ಲಣ್ಣನ ಹಬ್ಬ, ಅವರ ಮನೆದೇವರ ಹಬ್ಬ. ಅನಸುಬಾಯಿ ಚಾತುರ್ಮಾಸದ ನೇಮವೆಂದು ನಾಲ್ಕು ತಿಂಗಳಿಂದ ಬದನೆಕಾಯಿ, ಉಳ್ಳಾಗಡ್ಡಿ ಮುಟ್ಟಿರಲಿಲ್ಲ. ಅಂದು ದೇವರಿಗೆ ಸಜ್ಜೆ ರೊಟ್ಟಿ, ಸುಟ್ಟ ಬದನೆಕಾಯಿಯ ಭರತ, ಉಳ್ಳಾಗಡ್ಡಿ ತಪ್ಪಲು ಎಡೆ ಹಿಡಿದು, ಅದರ ಮೊದಲ ತುತ್ತನ್ನು ಮಲ್ಲಣ್ಣನ ಕುನ್ನಿಗೆ, ಅಂದರೆ ಬಾಗಿಲಿಗೆ ಬಂದ ನಾಯಿಗೆ ಹಾಕಬೇಕು. ನಾಯಿ ಬಾಯಿ ಹಾಕುವ ತನಕ ಮನೆಯವರು ನೀರನ್ನೂ ಮುಟ್ಟುವುದಿಲ್ಲ. ಹಬ್ಬದ ಹಿಂದಿನ ದಿನ ದಶರಥ ಸಂತೆಯಿಂದ ಎಳೆ ಬದನೆಕಾಯಿ ಆರಿಸಿ ತಂದ. ಸಜ್ಜೆ ಬೀಸಿಸಿ ತಂದ. ಭಂಡಾರಕ್ಕೆ ಹೊಸ ಅರಿಷಿಣ ತಂದ. ತಾಯಿ ಹೇಳಿದ ಸಾಮಾನೆಲ್ಲ ತಂದ. ಚಿಕ್ಕವನಿದ್ದಾಗ ಪ್ರತಿ ವರ್ಷ ಓಣಿಯೆಲ್ಲ ಓಡಿ ನಾಯಿ ಕರೆತರುವ ಕೆಲಸ ಅವನದೇ ಆಗಿತ್ತಂತೆ. ಆದರೂ ನಾಯಿಯ ಮಾತು ಮಾತ್ರ ಅವನಿಗೆ ನೆನಪಾಗಲಿಲ್ಲ.

ಮಧ್ಯಾಹ್ನ ಅನಸುಬಾಯಿ ತಾಟು ಹಿಡಿದು ಬಾಗಿಲಿಗೆ ಬಂದು ನಾಲಿಗೆಯಿಂದ ಸದ್ದು ಮಾಡಿ ಕರೆದಳು. ಓಣಿಯ ಆ ತುದಿಯವರೆಗೂ ಬರೀ ಬಿಸಿಲು. ಮತ್ತೆ ಕರೆದಳು. ದಶರಥ ಹಿಂದೆ ಬಂದು ನಿಂತಾಗ ಅವನ ಮುಖ ನಾನು ನೋಡಿದೆ. ಗಣಿತದ ಪರೀಕ್ಷೆಯಲ್ಲಿ ಕೊನೆಯ ಪ್ರಶ್ನೆ ಬಿಟ್ಟುಹೋದದ್ದು ಗಂಟೆ ಹೊಡೆದ ಮೇಲೆ ನೆನಪಾದ ಹುಡುಗರಿಗೆ ಅಂಥ ಮುಖವಿರುತ್ತದೆ.

"ಒಂದೂ ಇಲ್ಲೇನೋ ಯಪ್ಪಾ? ಎಲ್ಲಾನೂ ಅಡವಿಗೇ ಬಿಟ್ರ್ಯಾ?" ಎಂದಳು ತಾಯಿ.

"ಹೂಂ ಅವ್ವಾ."

"ಹಂಗಾರ ಹೋಗಿ ಒಂದು ಕರ್ಕೊಂಡು ಬಾ."

"ಅಷ್ಟು ದೂರ ಹ್ಯಾಂಗ ಹೋಗ್ಲವ್ವಾ? ಈ ಸಲ ಮಲ್ಲಣ್ಣನ ಫೋಟೋದ ಮುಂದ ಇಟ್ಟು ನೀ ಉಣ್ಣು. ದೇವರಿಗಿ ಗೊತ್ತಾಗ್ತದ."

"ಮಲ್ಲಣ್ಣನ ಕುನ್ನಿ ಹಸದಿರ್ಲಿಕ್ಕ ನಾ ಹ್ಯಾಂಗ ಉಣ್ಣಲಿ?" ಎಂದು ಅವಳು ಹೊಸ್ತಿಲ ಮೇಲೆ ತಾಟು ತೊಡೆಯಲ್ಲಿಟ್ಟುಕೊಂಡು ಕುಳಿತುಬಿಟ್ಟಳು. ಹಿಂದಿನ ದಿನವೂ ಒಪ್ಪತ್ತು ಮಾಡಿದ್ದಳು. ಎಪ್ಪತ್ತರ ಮುದುಕಿ, ನೀರೂ ಕುಡಿದಿರಲಿಲ್ಲ. ಏಳಲು ಹೋಗಿ ಬಾಗಿಲ ಚೌಕಟ್ಟು ಹಿಡಿದುಕೊಂಡದ್ದನ್ನು ನಾವಿಬ್ಬರೂ ನೋಡಿದೆವು. ನಾಯಿ ಸಿಗದಿದ್ದರೆ ಇವಳು ಉಣ್ಣುವುದಿಲ್ಲ, ಇದು ಹಬ್ಬದ ಮಾತಾಗಿ ಉಳಿಯುವುದಿಲ್ಲ ಎಂದು ನನಗೂ ಹೆದರಿಕೆಯಾಯಿತು.

ದಶರಥ ಸೈಕಲ್ ಹತ್ತಿ ಊರ ಹೊರಗಿನ ಸಿಮೆಂಟ್ ಫ್ಯಾಕ್ಟರಿಯ ಸಾಹೇಬರ ಬಂಗಲೆಗೆ ಹೋದ. ಅಲ್ಲಿ ಬಿಲ್ಲೆ ಕಟ್ಟಿದ ದೊಡ್ಡ ನಾಯಿ ಇತ್ತು. ಗೇಟಿನವನು ಒಳಗೆ ಬಿಡಲಿಲ್ಲ. "ಸಾಹೇಬ್ರು ನಾಯಿಗಿ ಹೊರಗಿಂದು ಏನೂ ಹಾಕಬ್ಯಾಡ ಅಂದಾರ್ರಿ. ನಿಮ್ದೇ ನೋಟೀಸ್ ಹಚ್ಚೀವಿ ನೋಡ್ರಿ" ಎಂದು ಗೋಡೆ ತೋರಿಸಿದನಂತೆ. ದಶರಥ ತನ್ನ ಸಹಿಯನ್ನು ಓದಿಕೊಂಡು ಮರಳಿದ.

ಇನ್ನು ಊರಲ್ಲಿ ಉಳಿದದ್ದು ಒಂದೇ. ಅವನು ಅಂಗಳದಲ್ಲಿ ಸೈಕಲ್ ಒರಗಿಸಿ ಹಿಂದಿನ ಓಣಿಯ ಕಡೆ ನೋಡಿದ. ಕೊನೆಗೆ, "ಹಿಂದಿನ ಓಣ್ಯಾಗ ಒಂದು ಅದ ಅವ್ವಾ. ತಾಟು ಕೊಡು, ಹಾಕಿ ಬರ್ತೀನಿ" ಎಂದ. ಮುದುಕಿ ತಾಟು ಕೊಡಲಿಲ್ಲ. ತನ್ನ ಕೈಯಿಂದಲೇ ಹಾಕಬೇಕೆಂದು ಎದ್ದಳು. ಅವನು ಅವಳ ತೋಳು ಹಿಡಿದ, ನಾನು ನೀರಿನ ಚರಿಗೆ ಹಿಡಿದೆ. ಮೂವರೂ ನಿಧಾನವಾಗಿ ಕಲ್ಲು ಕೆಲಸದವರ ಓಣಿಗೆ ಹೋದೆವು.

ನಮ್ಮನ್ನು ಕಂಡದ್ದೇ ಹಾಜಿಸಾಬನ ಉಳಿಯ ಸದ್ದು ನಿಂತಿತು. ಇನ್ಸ್‌ಪೆಕ್ಟರ್ ನಾಯಿಗೇ ಬಂದಿದ್ದಾನೆಂದು ಅವನಿಗೆ ಗೊತ್ತಾಯಿತು, ಯಾಕೆ ಬಂದಿದ್ದಾನೆಂಬುದು ಮಾತ್ರ ತಪ್ಪು ತಿಳಿಯಿತು. "ಬರ್ರಿ ಸಾಬ್ರ, ಕುಂದ್ರಿ" ಎನ್ನುತ್ತಲೇ ಹೆಂಡತಿಯ ಕಡೆ ನೋಡಿದ. ಜೈತುನ್ಬೀ ಬಾಗಿಲಿಂದ ಇಳಿದು ಬಂದು, ಕಲ್ಲಿನ ಮೇಲೆ ಮಲಗಿದ್ದ ಫರ್ಸ್ಯಾನಿಗೂ ನಮಗೂ ನಡುವೆ ನಿಂತಳು.

"ತಂಗೀ, ಇದು ನಿನ್ನ ಕುನ್ನಿ ಏನವ್ವಾ?" ಎಂದಳು ಅನಸುಬಾಯಿ. "ಮಲ್ಲಣ್ಣನ ಹಬ್ಬ ಅದ. ಒಂದು ತುತ್ತು ಹಾಕ್ತೀನಿ."

ಜೈತುನ್ಬೀಯ ಮುಖ ಸಡಿಲಾಯಿತು. "ಹಾಕ್ರಿ ಆಯೀ. ಆದ್ರ ಅದು ತಿನ್ನಂಗಿಲ್ಲ."

ಮುದುಕಿ ಕುಕ್ಕರಗಾಲಲ್ಲಿ ಕುಳಿತು, ನಾಯಿಯ ಹಣೆಗೆ ಭಂಡಾರ ಹಚ್ಚಿ, ರೊಟ್ಟಿಯ ಚೂರಿಗೆ ಭರತ ಸವರಿ ಅದರ ಮೂತಿಯ ಹತ್ತಿರ ಹಿಡಿದಳು. ಫರ್ಸ್ಯಾ ಮೂಸಿತು. ಬಾಲ ಅಲ್ಲಾಡಿಸಿತು. ಜೈತುನ್ಬೀಯ ಮುಖ ನೋಡಿತು. ಆಮೇಲೆ ತಿರುಗಿ, ರೊಟ್ಟಿಗೆ ಬೆನ್ನು ಹಾಕಿ ಕುಳಿತಿತು. ಮುದುಕಿ ಆ ಕಡೆಗೆ ಸರಿದು ಮತ್ತೆ ಹಿಡಿದಳು. ಅದು ಮತ್ತೆ ತಿರುಗಿತು. ಅವಳು ತುತ್ತನ್ನು ಮರಳಿ ತಾಟಿನಲ್ಲಿಟ್ಟಳು.

"ಒಲ್ಲೆ ಅಂತದ" ಎಂದಳು. "ಮಲ್ಲಣ್ಣ ನನ್ನ ತುತ್ತು ಒಲ್ಲೆ ಅಂದ. ನಮ್ಮಿಂದ ಏನೋ ತಪ್ಪ್ಯಾದ."

ಜೈತುನ್ಬೀಗೆ ತಡೆಯಲಾಗಲಿಲ್ಲ. "ಮಲ್ಲಣ್ಣ ಅಲ್ರಿ ಆಯೀ, ನಾ ಕಲಿಸೀನಿ ಅದಕ್ಕ. ಮನಿಷ್ಯಾರು ಮೊದಲ ಕಚ್ಚಿ ತೋರ್ಸಿದ್ರ ತಿಂತದ, ಇಲ್ಲಂದ್ರ ಪ್ರಾಣ ಹೋದ್ರೂ ಮುಟ್ಟಂಗಿಲ್ಲ."

"ಯಾಕ ಹಂಗ ಕಲ್ಸಿದಿ?"

"ಇಸ ಹಾಕ್ಲಿಕತ್ತಿದ್ರಲ್ರಿ."

"ಯಾರಿಗಿ?"

"ನಾಯಿಗಳಿಗಿ. ಊರಾಗಿನ ನಾಯಿ ಎಲ್ಲಾ ಹಂಗೇ ಸತ್ತವಲ್ರಿ."

"ಅಡವಿಗಿ ಬಿಟ್ಟಾರಂತಲ್ಲ?"

ಸೂಗಮ್ಮ ತನ್ನ ಬಾಗಿಲಲ್ಲಿ ಬಂದು ನಿಂತಿದ್ದಳು. ಆ ಓಣಿಯವರಿಗೆ ಇನ್ಸ್‌ಪೆಕ್ಟರ್ ಮೇಲೆ ಎಷ್ಟು ಸಿಟ್ಟಿತ್ತೆಂದು ನನಗೆ ಗೊತ್ತು. ತಾಯಿಯ ಮುಂದೆ ಮಗನ ಹೆಸರು ಹೇಳಲು ಒಬ್ಬರಿಗೂ ಬಾಯಿ ಬರಲಿಲ್ಲ.

"ಯಾರು ಹಾಕಿದ್ರು?" ಎಂದಳು ಅನಸುಬಾಯಿ.

ಹಾಜಿಸಾಬ ಉಳಿ ಎತ್ತಿಕೊಂಡು ಮತ್ತೆ ಕೆಳಗಿಟ್ಟ.

"ನಾನೇ ಅವ್ವಾ" ಎಂದ ದಶರಥ. "ನನ್ನ ಕೈಲಿಂದೇ."

ಮುದುಕಿ ಬೈಯುತ್ತಾಳೆಂದುಕೊಂಡೆ. ಬೈಯಲಿಲ್ಲ. ರಾಮಲಿಂಗ ಸತ್ತದ್ದು, ಕಾಯ್ದೆ ಇರುವುದು, ಕಸದವರು ಒಲ್ಲೆ ಎಂದದ್ದು ಎಲ್ಲವನ್ನೂ ಅವನು ಗಡಿಬಿಡಿಯಿಂದ ಹೇಳಿದ. ಅವಳು ಕೇಳಿದಳೋ ಇಲ್ಲವೋ. ಅವಳ ಕಣ್ಣು ಅವನ ಮುಖದ ಮೇಲಿರಲಿಲ್ಲ, ಕೈಗಳ ಮೇಲಿತ್ತು.

ಜೈತುನ್ಬೀ ಮುದುಕಿಯ ಪಕ್ಕ ಕುಳಿತಳು. "ಆಯೀ, ನೀವೇ ಒಂದು ಚೂರು ಕಚ್ರಿ. ಅದು ತಿಂತದ, ನಿಮ್ಮ ಉಪಾಸ ಬಿಡ್ತದ."

"ಕುನ್ನಿಕಿಂತ ಮೊದಲ ನಾ ಹ್ಯಾಂಗ ಕಚ್ಚಲವ್ವಾ? ನೇಮ ಕೆಡ್ತದ."

"ನಾ ಕಚ್ಲೇನ್ರಿ?"

"ಅವರ ದೇವರ ಎಡಿ ಅದ ಅದು" ಎಂದು ಹಾಜಿಸಾಬ ಹೆಂಡತಿಯನ್ನು ಗದರಿದ.

"ನೀ ಯಾಕ ಕಚ್ಚಬೇಕು ತಂಗಿ" ಎಂದಳು ಅನಸುಬಾಯಿ. "ಇಸ ಹಾಕಿದವನೇ ಕಚ್ಚಲಿ. ಕೆಟ್ರ ಅವನ ನೇಮ ಕೆಡಲಿ."

ದಶರಥ ಕೈ ಮುಂದೆ ಮಾಡಿದ. ಆಗ ಜೈತುನ್ಬೀ ಎದ್ದುನಿಂತಳು. ಅವಳ ದನಿ ಗಟ್ಟಿಯಾಗಿತ್ತು. "ಬ್ಯಾಡ್ರಿ ಆಯೀ. ಸಾಬ್ರ ಕೈಯಾಗ ಬ್ಯಾಡ. ಇವತ್ತ ಅವರು ಕಚ್ಚಿ ತೋರ್ಸಿ ಇದು ತಿಂತಂದ್ರ, ನಾಳಿ ಅವರು ಕರದ್ರ ನಂಬಿ ಹೋಗ್ತದ. ನಾ ಕಲ್ಸಿದ್ದೆಲ್ಲಾ ಹಾಳು. ನಿಮ್ಮ ಉಪಾಸ ಖರೆ, ಇದರ ಜೀವಾನೂ ಖರೆ."

ನಿಜವಾದ ಮಾತು.

"ಬಿಲ್ಲಿ ಅಂತಾರಲ್ಲ, ಅದು ಇದ್ರ ಕೊಲ್ಲಂಗಿಲ್ಲೇನು?" ಎಂದು ಅನಸುಬಾಯಿ ಕೇಳಿದಳು.

"ಇಲ್ಲವ್ವಾ. ಆದ್ರ ಮಾಲಕ ಬೇಕು. ಇವರು ಯಾರೂ ಹೆಸರು ಕೊಡಾಕ ಒಲ್ಲರು."

"ನನ್ನ ಹೆಸರು ಬರಿ."

"ಅವ್ವಾ, ಬರದ್ರ ಮಾಲಕರ ಮನ್ಯಾಗೇ ಕಟ್ಟಬೇಕಾಗ್ತದ. ಅಂದ್ರ ನಮ್ಮ ಮನ್ಯಾಗ."

"ಕಟ್ಟು. ಈ ತಂಗಿ ಬಂದು ರೊಟ್ಟಿ ಹಾಕ್ತಾಳ."

ದಶರಥ ಆಗಲೇ ಸೈಕಲ್ ಹತ್ತಿ ಪುರಸಭೆಗೆ ಹೋದ. ಅವನು ಬರುವ ತನಕ ಮುದುಕಿ ಹಾಜಿಸಾಬನ ಕಲ್ಲಿಗೆ ಒರಗಿ ಕುಳಿತಿದ್ದಳು, ಜೈತುನ್ಬೀ ಸೆರಗಿನಿಂದ ಅವಳಿಗೆ ಗಾಳಿ ಹಾಕುತ್ತಿದ್ದಳು. ನೀರು ಬೇಕೇ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಅವನು ಹಿತ್ತಾಳೆಯ ಬಿಲ್ಲೆ, ಚರ್ಮದ ಪಟ್ಟಿ ತಂದ. ಜೈತುನ್ಬೀ ನಾಯಿಯನ್ನು ಮುಟ್ಟುವವಳಲ್ಲ, ಸೂಗಮ್ಮ ಬಂದು ಕೊರಳಿಗೆ ಕಟ್ಟಿದಳು. ಹಾಜಿಸಾಬ ಒಂದು ದೊಡ್ಡ ಉಸಿರು ಬಿಟ್ಟ. ನಾಯಿಗೆ ಮಾಲೀಕರು ಸಿಕ್ಕಿದ್ದರು, ಅದು ತಾನಾಗಿರಲಿಲ್ಲ.

ದಶರಥ ಪ್ಯಾಂಟು ಮಡಚಿ ಕಲ್ಲಿನ ಮೇಲೆ ಕುಳಿತ. ಅವನೂ ಬೆಳಗಿನಿಂದ ಉಪವಾಸವೇ. ತಾಯಿ ರೊಟ್ಟಿ ಕೊಟ್ಟಳು. ಅವನು ಅಂಚು ಕಚ್ಚಿ ಅಗಿದ. ಒಣ ಬಾಯಿ, ಸಜ್ಜೆ ರೊಟ್ಟಿ, ಬೇಗ ಇಳಿಯಲಿಲ್ಲ. ಫರ್ಸ್ಯಾ ಅವನ ದವಡೆಯನ್ನೇ ನೋಡುತ್ತಿತ್ತು. ಅವನ ಗಂಟಲು ಒಮ್ಮೆ ಮೇಲೆದ್ದು ಇಳಿಯಿತು. ನಾಯಿ ಏಳಲಿಲ್ಲ. ಜೈತುನ್ಬೀಯ ಕಡೆ ತಿರುಗಿ ನೋಡಿತು. ಅವಳು ಮುದುಕಿಯನ್ನು ನೋಡಿದಳು, ಕೊರಳಿನ ಬಿಲ್ಲೆಯನ್ನು ನೋಡಿದಳು. ಆಮೇಲೆ ಮೆಲ್ಲಗೆ, "ಖಾ ರೇ ಫರ್ಸ್ಯಾ" ಎಂದಳು.

ಫರ್ಸ್ಯಾ ಎದ್ದು ಬಂದು ಅನಸುಬಾಯಿಯ ಕೈಯಲ್ಲಿದ್ದ ತುತ್ತನ್ನು ತಿಂದಿತು. ತಾಟಿನಲ್ಲಿದ್ದದ್ದನ್ನೂ ತಿಂದಿತು. "ಏಳಕೋಟಿ, ಏಳಕೋಟಿ" ಎಂದು ಮಲ್ಲಣ್ಣನ ಜಯಕಾರ ಹೇಳುತ್ತ ಮುದುಕಿ ಅದರ ತಲೆ ಮುಟ್ಟಿ ಕೈಯನ್ನು ಕಣ್ಣಿಗೆ ಒತ್ತಿಕೊಂಡಳು. ಸೂಗಮ್ಮ ಅತ್ತಳು. ನನ್ನ ಕಣ್ಣೂ ಒದ್ದೆಯಾಯಿತು, ಮುಚ್ಚಿಡುವುದೇನಿದೆ. ಮನೆಗೆ ಬಂದು ಅನಸುಬಾಯಿ ತಾನೇ ಬಡಿಸಿಕೊಂಡು ಉಂಡಳು. ನಮ್ಮ ಮನೆಗೂ ಭರತ ಕಳಿಸಿದಳು.

ಊರಿನವರು ಈ ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಗೋಡೆಯಾಚೆಗಿನ ಮನೆ ನನ್ನದಾದ್ದರಿಂದ ನಾನು ಮರುದಿನ ಸಂಜೆಯನ್ನೂ ನೋಡಿದೆ.

ಫರ್ಸ್ಯಾ ಅಂಗಳದ ಬೇವಿನ ಬುಡದಲ್ಲಿ ಹಗ್ಗಕ್ಕೆ ಕಟ್ಟಿಸಿಕೊಂಡು ಮಲಗಿತ್ತು. ಅನಸುಬಾಯಿ ಕಟ್ಟೆಯ ಮೇಲೆ ಕುಳಿತಿದ್ದಳು. ದಶರಥ ಸೈಕಲ್ ಒರಗಿಸಿ, ಬೂಂದಿಯ ಪೊಟ್ಟಣ ಬಿಚ್ಚುತ್ತ ಅವಳ ಮುಂದೆ ಬಂದು ನಿಂತ. ಅವಳು ಅಂಗೈ ಚಾಚಲಿಲ್ಲ.

"ಹಸಿವಿಲ್ಲೇನವ್ವಾ?"

"ಅದ" ಎಂದಳು.

ಸಿಟ್ಟು ಇರಲಿಲ್ಲ ಅವಳ ಮುಖದಲ್ಲಿ. ಬೇಕೆಂದು ಮಾಡಿದಂತೆಯೂ ಕಾಣಲಿಲ್ಲ. ಎರಡೂ ಕೈ ಮಡಿಲಲ್ಲಿ ಇಟ್ಟುಕೊಂಡು ಅವನ ಕೈಯನ್ನು ನೋಡುತ್ತ ಕುಳಿತಿದ್ದಳು. ದಶರಥ ಪೊಟ್ಟಣ ಹಿಡಿದು ನಿಂತೇ ಇದ್ದ. ಆಮೇಲೆ ಅವನಿಗೆ ತಿಳಿಯಿತು. ಅವನು ತಾಯಿಯ ಮುಂದೆ ನೆಲದ ಮೇಲೆ ಕುಳಿತು, ಒಂದು ಚಿಟಿಕೆ ಬೂಂದಿ ತನ್ನ ಬಾಯಿಗೆ ಹಾಕಿಕೊಂಡು ಅಗಿದು ನುಂಗಿದ. ಅವಳು ಅವನ ಗಂಟಲು ಇಳಿಯುವ ತನಕ ಕಾದು, ಅಂಗೈ ಚಾಚಿದಳು.

ಸೊಸೆ ಕೂಸಿನೊಂದಿಗೆ ಮರಳಿ ಬಂದು ಅನಸುಬಾಯಿ ಊರಿಗೆ ಹೊರಡುವವರೆಗೂ ದಶರಥ ಒಂದು ಸಂಜೆಯೂ ಬೂಂದಿ ತರುವುದನ್ನು ತಪ್ಪಿಸಲಿಲ್ಲ. ಪ್ರತಿ ಸಂಜೆ ಮೊದಲು ಅವನು ತಿನ್ನುತ್ತಿದ್ದ, ಆಮೇಲೆ ಅವಳು.